ಡ್ರಮ್ ಓಡದಿರಲಿ, ಟೈಲ್ಸ್ ಕೆಡದಿರಲಿ



ನಮ್ಮ ಕನ್ನಡ ಕಾರ್ಯಕ್ರಮಕ್ಕೆ ಬರುವ ಫೋನ್ ಕರೆಗಳಲ್ಲಿ ಹೆಚ್ಚಿನವು ಹಾಡಿನ ಕೋರಿಕೆಗಳೇ. ಆದರೆ ಹೋದ ತಿಂಗಳು ಡೊಂಬಿವಲಿಯಿಂದ ತಾಯಿಯೊಬ್ಬರು ಫೋನ್ ಮಾಡಿ, “ಸರ್, ನಂದು ಹಾಡಿನ ಪ್ರಶ್ನೆ ಅಲ್ರೀ, ನೆಲದ ಪ್ರಶ್ನೆ” ಅಂದರು. ಮಾತಿನಲ್ಲೇ ಧಾರವಾಡದ ಕಡೆಯವರೆಂದು ಗೊತ್ತಾಯಿತು. “ನಮ್ಮ ಹುಡುಗ ಸಂಘದ ಆರ್ಕೆಸ್ಟ್ರಾದಾಗ ಡ್ರಮ್ ಬಾರಿಸ್ತಾನ್ರಿ. ಮನ್ಯಾಗ ಪ್ರ್ಯಾಕ್ಟೀಸ್ ಮಾಡೋ ಮುಂದ ಆ ದೊಡ್ಡ ಡ್ರಮ್ಮು ಮುಂದ ಮುಂದ ಓಡ್ತದ. ಟೈಲ್ಸ್ ಮ್ಯಾಲೆ ಗೀರು ಬಿದ್ದಾವ. ಬಾಡಿಗಿ ಮನಿ, ಡಿಪಾಸಿಟ್ ಹೋಗ್ತದೇನೋ ಅಂತ ಹೆದರಿಕಿ. ನಮ್ಮ ತವರುಮನಿಯಿಂದ ತಂದಿದ್ದ ನವಲಗುಂದದ ಜಮಖಾನ ಒಂದು ಟ್ರಂಕಿನಾಗ ಐತಿ. ಅದನ್ನ ಹಾಸಿದ್ರ ನಡೀತದೇನ್ರಿ?”

ಒಂದೇ ಉಸಿರಿಗೆ ಮೂರು ಸಂಕಟಗಳು. ಡ್ರಮ್ಮು ನಿಲ್ಲಬೇಕು, ಟೈಲ್ಸ್ ಉಳಿಯಬೇಕು, ಜಮಖಾನವೂ ಹಾಳಾಗಬಾರದು. ಆ ಹೊತ್ತಿಗೆ ಗಾಳಿಯಲ್ಲಿ ಉಳಿದಿದ್ದದ್ದು ನಲವತ್ತು ಸೆಕೆಂಡು. “ಜಮಖಾನ ಮಾತ್ರ ಹಾಸಬೇಡಿ ಅಮ್ಮಾ, ಉಳಿದದ್ದನ್ನು ಪತ್ರಿಕೆಯಲ್ಲಿ ಬರೆಯುತ್ತೇನೆ” ಎಂದು ಮಾತು ಕೊಟ್ಟು ಮುಂದಿನ ಹಾಡು ಹಾಕಿದೆ. ಕೊಟ್ಟ ಮಾತು ತೀರಿಸುವ ಬರಹ ಇದು.

ನಾನು ಡ್ರಮ್ ಬಾರಿಸುವವನಲ್ಲ, ಕನ್ನಡ ಬಿ.ಎ. ಓದಿ ಮೈಕಿನ ಮುಂದೆ ಕೂತವನು. ಆದರೆ ಸಂಘಗಳ ಕಾರ್ಯಕ್ರಮಗಳಲ್ಲಿ ನಿರೂಪಣೆಗೆ ನಿಂತೂ ನಿಂತೂ, ಡ್ರಮ್ಮರುಗಳ ಪಾಡನ್ನು ವೇದಿಕೆಯ ಮೇಲಿಂದಲೇ ಕಂಡಿದ್ದೇನೆ. 2023ರ ನವೆಂಬರಿನಲ್ಲಿ ಮುಂಬಯಿಯ ಒಂದು ರಾಜ್ಯೋತ್ಸವ ಕಾರ್ಯಕ್ರಮ. ನುಣುಪಾದ ಮರದ ವೇದಿಕೆ, ಅದಕ್ಕೆ ಹೊಸದಾಗಿ ಪಾಲಿಶ್ ಬೇರೆ. ಎರಡನೇ ಹಾಡಿಗೆಲ್ಲ ಬೇಸ್ ಡ್ರಮ್ಮು ಒಂದು ಅಡಿ ಮುಂದೆ ಬಂದಿತ್ತು. ಹುಡುಗ ಕಾಲು ಚಾಚಿ ಚಾಚಿ ಪೆಡಲ್ ಒತ್ತುತ್ತಿದ್ದ. ಮೂರನೇ ಹಾಡಿಗೆ ನಾನೇ ಹೋಗಿ ಡ್ರಮ್ಮಿನ ಮುಂದೆ ಬೂಟುಗಾಲು ಅಡ್ಡ ಇಟ್ಟುಕೊಂಡು, ಕೈಯಲ್ಲಿ ಚೀಟಿ ಹಿಡಿದು, ಏನೂ ಆಗಿಲ್ಲವೆಂಬಂತೆ ನಗುತ್ತಾ ನಿಂತಿದ್ದೆ. ಸಭಿಕರು ಅದನ್ನು ನನ್ನ ಉತ್ಸಾಹ ಎಂದುಕೊಂಡರು!

ಮೊದಲು, ಡ್ರಮ್ಮು ಯಾಕೆ ಓಡುತ್ತದೆ ಎಂಬುದನ್ನು ನೋಡಿಬಿಡೋಣ. ಡ್ರಮ್ ಸೆಟ್ಟಿನಲ್ಲಿ ನೆಲಕ್ಕೆ ಮಲಗಿದಂತಿರುವ ದೊಡ್ಡ ಡ್ರಮ್ಮೇ ಬೇಸ್ ಡ್ರಮ್. ಅದನ್ನು ಬಾರಿಸುವುದು ಕಾಲಿನಿಂದ. ಷಿಕಾಗೋದ ವಿಲಿಯಂ ಲುಡ್ವಿಗ್ 1909ರಲ್ಲಿ ಚುರುಕಾಗಿ ಓಡುವ ಕಾಲುಪೆಡಲನ್ನು ಮಾಡಿ ಮಾರತೊಡಗಿದ ಮೇಲೆ, ಒಬ್ಬನೇ ಕೂತು ಕೈಕಾಲು ನಾಲ್ಕರಿಂದಲೂ ನುಡಿಸುವ ಈ ಸೆಟ್ಟು ಜಗತ್ತಿನಾದ್ಯಂತ ಹಬ್ಬಿತು. ಪೆಡಲ್ ಒತ್ತಿದಾಗ ಮೆತ್ತನೆ ತಲೆಯ ಕೋಲೊಂದು ಡ್ರಮ್ಮಿಗೆ ಹೊಡೆಯುತ್ತದೆ. ಹೊಡೆದದ್ದು ಹಿಂದಿನಿಂದ, ಹಾಗಾಗಿ ಡ್ರಮ್ಮು ಸರಿಯುವುದು ಮುಂದಕ್ಕೆ. ನಿಮಿಷಕ್ಕೆ 60 ಏಟೆಂದು ಹಿಡಿದರೂ ನಾಲ್ಕು ನಿಮಿಷದ ಹಾಡಿಗೆ 240 ಏಟು. ಒಂದೊಂದು ಏಟಿಗೆ ಅರ್ಧ ಮಿಲಿಮೀಟರ್ ಜರುಗಿದರೂ ಹಾಡು ಮುಗಿಯುವಾಗ 12 ಸೆಂಟಿಮೀಟರ್, ಅಂದರೆ ಹೆಚ್ಚುಕಡಿಮೆ ಐದು ಅಂಗುಲ!

ಇದನ್ನು ತಡೆಯಲೆಂದೇ ಬೇಸ್ ಡ್ರಮ್ಮಿನ ಮುಂಭಾಗಕ್ಕೆ ಎರಡು ಓರೆ ಕಾಲುಗಳಿರುತ್ತವೆ. ಇಂಗ್ಲಿಷಿನಲ್ಲಿ ಅದಕ್ಕೆ ಸ್ಪರ್ ಎನ್ನುತ್ತಾರೆ. ಕುದುರೆ ಸವಾರನ ಹಿಮ್ಮಡಿಯ ಮುಳ್ಳಿಗೂ ಅದೇ ಹೆಸರು. ಹೆಚ್ಚಿನವುಗಳ ತುದಿಗೆ ರಬ್ಬರ್ ಬುಡ್ಡೆ. ಆ ಬುಡ್ಡೆಯನ್ನು ತಿರುಗಿಸುತ್ತಾ ಹಿಂದೆ ಸರಿಸಿದರೆ ಒಳಗಿನಿಂದ ಉಕ್ಕಿನ ಮೊನೆ ಹೊರಬರುತ್ತದೆ. ಮೊನೆ ಇರುವುದು ಹಾಸಿನೊಳಗೆ ನೆಡಲಿಕ್ಕೆ. ಹಾಸೇ ಇಲ್ಲದ ಟೈಲ್ಸಿನ ಮೇಲೆ ಅದನ್ನು ಹೊರತೆಗೆದರೆ ಗೀರು ಬೀಳದೆ ಇನ್ನೇನು? ಡೊಂಬಿವಲಿಯ ಮನೆಯಲ್ಲಿ ಆದದ್ದು ಅದೇ ಇರಬೇಕು. ರಬ್ಬರ್ ಬುಡ್ಡೆ ಜಾರುತ್ತದೆ, ಮೊನೆಯಾದರೂ ಹಿಡಿಯಲಿ ಎಂದು ಹುಡುಗ ತಿರುಗಿಸಿದ್ದಾನೆ. ತಪ್ಪು ಅವನದಲ್ಲ, ನಡುವೆ ಇರಬೇಕಾದದ್ದು ಇಲ್ಲದ್ದು.

ತಬಲಾಕ್ಕೆ ಅಡಿಯಲ್ಲಿ ಬಟ್ಟೆಯ ಸಿಂಬಿ ಇಡುವುದನ್ನು ನೀವು ನೋಡಿದ್ದೀರಿ. ಸಿಂಬಿ ಇಲ್ಲದೆ ಯಾವ ತಬಲಾ ವಾದಕರೂ ಕೂರುವುದಿಲ್ಲ. ಡ್ರಮ್ ಸೆಟ್ಟಿಗೂ ನೆಲಹಾಸು ಹಾಗೆಯೇ, ವಾದ್ಯದ್ದೇ ಒಂದು ಭಾಗ. ಆದರೆ ನಮ್ಮವರು ಸಿಂಬಾಲ್ ಆರಿಸಲು ಆರು ಅಂಗಡಿ ಸುತ್ತುತ್ತಾರೆ, ಹಾಸಿನ ವಿಷಯ ಬಂದಾಗ ಮನೆಯ ಹಳೆ ಬೆಡ್‌ಶೀಟು ಹುಡುಕುತ್ತಾರೆ.

ಹಾಸಿನ ಅಳತೆ ಎಷ್ಟಿರಬೇಕು? ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಇಲ್ಲಿ ಸ್ವಲ್ಪ ತಿರುಗಿಸಬೇಕು: ಕಾಲು ಇದ್ದಷ್ಟು ಹಾಸು ತರಬೇಕು. ಸೆಟ್ಟಿಗೆ ಕಾಲುಗಳೋ, ಎಣಿಸಿದರೆ ಇಪ್ಪತ್ತರ ಹತ್ತಿರ! ಮನೆಯಲ್ಲಿ ಪೂರ್ತಿ ಜೋಡಿಸಿ, ಹುಡುಗನನ್ನು ಸ್ಟೂಲಿನ ಮೇಲೆ ಕೂರಿಸಿ, ಆಮೇಲೆ ಟೇಪು ಹಿಡಿಯಿರಿ. ಉದ್ದಕ್ಕೆ, ಸ್ಟೂಲಿನ ಹಿಂದಿನ ಕಾಲಿನಿಂದ ಬೇಸ್ ಡ್ರಮ್ಮಿನ ಮುಂದಿನ ಮೊನೆಯವರೆಗೆ. ಅಗಲಕ್ಕೆ, ಎಡಗಡೆಯ ಹೈ-ಹ್ಯಾಟ್ ಸ್ಟ್ಯಾಂಡಿನಿಂದ ಬಲಗಡೆಯ ಫ್ಲೋರ್ ಟಾಮ್‌ವರೆಗೆ. ಎಲ್ಲಾ ಕಡೆಗೂ ನಾಲ್ಕಾರು ಅಂಗುಲ ಸೇರಿಸಿ. ಐದು ಡ್ರಮ್ಮಿನ ಸಾಮಾನ್ಯ ಸೆಟ್ಟಿಗೆ 2 ಮೀಟರ್ ಉದ್ದ, 1.6 ಮೀಟರ್ ಅಗಲ, ಅಂದರೆ ಸುಮಾರು ಆರೂವರೆ ಅಡಿಗೆ ಐದೂಕಾಲು ಅಡಿ ಸಾಕಾಗುತ್ತದೆ. ಡ್ರಮ್ಮಿಗೆಂದೇ ತಯಾರಾಗಿ ಬರುವ ಹಾಸುಗಳೂ ಹೆಚ್ಚಾಗಿ ಈ ಅಳತೆಯವೇ. ಚಿಕ್ಕ ಸೆಟ್ಟಾದರೆ ಆರಡಿಗೆ ನಾಲ್ಕಡಿಯಲ್ಲೂ ನಡೆಯುತ್ತದೆ. ಹೊರಗಿನ ಸಿಂಬಾಲ್ ಸ್ಟ್ಯಾಂಡುಗಳು ಹಾಸಿನಾಚೆ ನಿಂತರೆ ತೊಂದರೆಯಿಲ್ಲ. ಆದರೆ ಒಂದು ಸ್ಟ್ಯಾಂಡಿನ ಮೂರೂ ಕಾಲು ಒಳಗಿರಬೇಕು, ಇಲ್ಲವೇ ಮೂರೂ ಹೊರಗಿರಬೇಕು. ಎರಡು ಒಳಗೆ, ಒಂದು ಹೊರಗೆ ಇದ್ದರೆ ಹಾಡಿನ ನಡುವೆ ಸಿಂಬಾಲು ವಾಲಿಕೊಂಡು ಗಾಯಕಿಯ ಮೈಮೇಲೆ ಬಂದೀತು.

ಇನ್ನೊಂದು ಮಾತನ್ನು ಕೆಳಗೆ ಗೆರೆ ಎಳೆದು ಓದಿಕೊಳ್ಳಿ. ಡ್ರಮ್ಮರನ ಸ್ಟೂಲು ಆ ಹಾಸಿನ ಮೇಲೆಯೇ ಇರಬೇಕು. ಅನೇಕರು ಚಿಕ್ಕ ಕಾರ್ಪೆಟ್ಟು ತಂದು ಡ್ರಮ್ಮಿನಡಿಗೆ ಮಾತ್ರ ಹಾಕಿ, ತಾವು ಬರಿಯ ನೆಲದ ಮೇಲೆ ಕೂರುತ್ತಾರೆ. ಆಗ ಡ್ರಮ್ಮು ಕಾರ್ಪೆಟ್ಟನ್ನು ಹಿಡಿದುಕೊಳ್ಳುತ್ತದೆ ನಿಜ, ಆದರೆ ಕಾರ್ಪೆಟ್ಟೇ ಡ್ರಮ್ಮನ್ನು ಹೊತ್ತು ಮೆರವಣಿಗೆ ಹೊರಡುತ್ತದೆ. ಸ್ಟೂಲು ಹಾಸಿನ ಮೇಲಿದ್ದರೆ ಎರಡು ಲಾಭ. ಕೂತವನ ಅರವತ್ತು ಎಪ್ಪತ್ತು ಕೆಜಿ ತೂಕವೇ ಹಾಸನ್ನು ನೆಲಕ್ಕೆ ಒತ್ತಿ ಹಿಡಿಯುತ್ತದೆ. ಜೊತೆಗೆ, ಕಾಲು ಡ್ರಮ್ಮನ್ನು ಎಷ್ಟು ಮುಂದೆ ತಳ್ಳುತ್ತದೋ ಅಷ್ಟೇ ಬಲ ಕೂತವನನ್ನು ಹಿಂದಕ್ಕೆ ತಳ್ಳುತ್ತಿರುತ್ತದೆ. ಎರಡೂ ಒಂದೇ ಹಾಸಿನ ಮೇಲೆ ಬಿದ್ದರೆ ಒಂದನ್ನೊಂದು ಹೊಡೆದುಹಾಕುತ್ತವೆ. ಹಳೆಯ ಡ್ರಮ್ಮರುಗಳು ಬೇಸ್ ಡ್ರಮ್ಮಿಗೂ ಸ್ಟೂಲಿಗೂ ಹಗ್ಗ ಕಟ್ಟಿಕೊಳ್ಳುತ್ತಿದ್ದದ್ದು ಇದೇ ಉಪಾಯದಿಂದ. ಹಾಸು ಮರೆತುಹೋದ ದಿನ ಇದನ್ನು ನೆನಪಿಟ್ಟುಕೊಳ್ಳಿ, ಎರಡು ಮೊಳ ಹಗ್ಗ ಮಾನ ಉಳಿಸುತ್ತದೆ.

ಈಗ ಅಂಗಡಿಗೆ ಬರೋಣ. ಸಿಗುವ ಸರಕು ಹಲವು, ಒಂದೊಂದರ ಗುಣವೂ ಬೇರೆ.

ಮನೆಯಲ್ಲಿ ಮೊದಲು ಕೈಗೆ ಸಿಗುವುದು ಜಮಖಾನ, ಮರಾಠಿಯವರ ಸತರಂಜಿ. ಹತ್ತಿಯದು, ಹಗುರ, ಮಡಚಿ ಚೀಲಕ್ಕೆ ಹಾಕಬಹುದು, ಒಗೆಯಬಹುದು. ಲೋಕಲ್ ರೈಲಿನಲ್ಲಿ ಹೋಗುವವರಿಗೆ ಇದಕ್ಕಿಂತ ಸುಖವಿಲ್ಲ. ಆದರೆ ನುಣುಪು ಟೈಲ್ಸಿನ ಮೇಲೆ ಬರಿಯ ಜಮಖಾನ ಹಾಸಿದರೆ ಅದೇ ಜಾರುಬಂಡಿ. ಅಡಿಗೆ ಜಾರದ ಬಲೆಯೊಂದು ಬೇಕು. ಕಾರ್ಪೆಟ್ ಅಂಗಡಿಗಳಲ್ಲಿ ಮೆತ್ತನೆಯ, ಸ್ವಲ್ಪ ಅಂಟಂಟಾದ ಬಲೆ ಅಡಿ ಲೆಕ್ಕದಲ್ಲಿ ಸಿಗುತ್ತದೆ. ಅಡುಗೆಮನೆಯ ಡ್ರಾಯರಿನಲ್ಲಿ ಹಾಸುತ್ತಾರಲ್ಲ, ಅದರ ಅಣ್ಣ. ಹಾಸಿಗಿಂತ ಸುತ್ತಲೂ ಒಂದು ಅಂಗುಲ ಕಡಿಮೆ ಕತ್ತರಿಸಿ ಅಡಿಗೆ ಹಾಕಿದರೆ ಮಾಮೂಲಿ ಜಮಖಾನವೂ ಅಲುಗಾಡದೆ ಕೂರುತ್ತದೆ.

ಮಾಮೂಲಿ ಜಮಖಾನ ಎಂದೆ. ನವಲಗುಂದದ್ದು ಮಾಮೂಲಿಯಲ್ಲ. ಧಾರವಾಡ ಜಿಲ್ಲೆಯ ಆ ಊರಿನಲ್ಲಿ ಹೆಣ್ಣುಮಕ್ಕಳು ನಿಂತ ಮಗ್ಗದ ಮೇಲೆ ನೇಯುವ ಹಾಸು ಅದು, ನವಿಲು ಮತ್ತು ಪಗಡೆ ಹಾಸಿನ ಚಿತ್ತಾರಗಳಿಗೆ ಹೆಸರಾದದ್ದು. ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಕರ್ನಾಟಕದ ಸರಕುಗಳಲ್ಲಿ ಅದೂ ಒಂದು. ನೇಯುವ ಕೈಗಳು ಈಗ ಬೆರಳೆಣಿಕೆಯಷ್ಟು. ಉಕ್ಕಿನ ಮೊನೆ ಒಂದೇ ಜಾಗದಲ್ಲಿ ದಿನಾ ಇನ್ನೂರು ಸಲ ಕುಕ್ಕಿದರೆ ಯಾವ ನೂಲೂ ತಾಳುವುದಿಲ್ಲ. ಅಮ್ಮಾ, ಅದು ಟ್ರಂಕಿನಲ್ಲೇ ಇರಲಿ, ಅಥವಾ ನೆಂಟರು ಬಂದಾಗ ಹಾಸಿ. ಡ್ರಮ್ಮಿಗೆ ಬೇಡ.

ಕಂಬಳಿಯ ಬಗ್ಗೆಯೂ ಒಬ್ಬರು ಕೇಳಿದ್ದರು. ಕುರಿಯುಣ್ಣೆಯ ಕರಿಕಂಬಳಿ ಒರಟಾಗಿ ಹಿಡಿಯುತ್ತದೆ ಎನ್ನುವುದು ನಿಜ. ಆದರೆ ಅದರ ನೆಯ್ಗೆ ಸಡಿಲ, ಎಳೆದತ್ತ ಹಿಗ್ಗುತ್ತದೆ, ಸುಕ್ಕಾಗುತ್ತದೆ. ಮುಂಬಯಿ ಮಳೆಗಾಲದಲ್ಲಿ ಒಮ್ಮೆ ನೆನೆದರೆ ವಾಸನೆ ಹೋಗಲು ದೀಪಾವಳಿ ಬರಬೇಕು. ನಾರಿನ ಹಾಸುಗಳದ್ದು ಮತ್ತೊಂದು ಕಥೆ. ತೆಂಗಿನ ನಾರಿನ ದಪ್ಪ ಹಾಸು ಗಟ್ಟಿಯಾಗಿ ಕೂರುತ್ತದೆ, ಆದರೆ ಪುಡಿ ಉದುರಿ ಪೆಡಲಿನ ಸಂದುಗೊಂದಿಗೆಲ್ಲ ಸೇರುತ್ತದೆ. ಸೆಣಬಿನದೂ ಅಷ್ಟೇ.

ಈಚೆಗೆ ಮಕ್ಕಳ ಕೋಣೆಗೆಂದು ಒಂದಕ್ಕೊಂದು ಹಲ್ಲು ಕೂಡಿಸುವ ಬಣ್ಣಬಣ್ಣದ ಫೋಮ್ ಚೌಕಗಳು ಬಂದಿವೆ. ಬಿಡಿಸಿ ಪೇರಿಸಿಟ್ಟರೆ ಹಗುರ, ಅಗ್ಗ. ನೋಡಿದವರಿಗೆಲ್ಲ ಇದೇ ಸರಿ ಎನಿಸುತ್ತದೆ. ಎಲೆಕ್ಟ್ರಾನಿಕ್ ಡ್ರಮ್ಮಿನ ಅಡಿಗೆ ಕೆಳಗಿನ ಪದರವಾಗಿ ಉಪಯೋಗವೂ ಉಂಟು. ನಿಜವಾದ ಸೆಟ್ಟಿಗೆ ಮಾತ್ರ ಬೇಡವೇ ಬೇಡ. ಸ್ಟ್ಯಾಂಡಿನ ಕಾಲು ಅದರಲ್ಲಿ ಹೂತುಹೋಗುತ್ತದೆ, ಒಂದು ಬದಿ ಹೆಚ್ಚು ಹೂತರೆ ಟಾಮ್ ತೂಗಾಡುತ್ತದೆ, ಮೊನೆ ತಾಗಿದ ಕಡೆ ಬೆಣ್ಣೆಯಂತೆ ಸೀಳುತ್ತದೆ. ಯೋಗದ ಚಾಪೆಯೂ ಹೀಗೆಯೇ, ಅಗಲ ಸಾಲದು ಬೇರೆ. ಅದನ್ನು ಕತ್ತರಿಸಿ ಬೇರೆ ಹಾಸಿನ ನಾಲ್ಕು ಮೂಲೆಗೆ ಅಡಿಯಲ್ಲಿ ಇಟ್ಟರೆ ಜಾರದ ಬಲೆಯ ಕೆಲಸ ಮಾಡುತ್ತದೆ, ಅಷ್ಟೇ.

ಜಿಮ್ಮಿನ ಕಪ್ಪು ರಬ್ಬರ್ ಹಾಸು ಹಿಡಿತದಲ್ಲಿ ರಾಜ. ತೂಕದಲ್ಲೂ ರಾಜ! ಹತ್ತು ಮಿಲಿಮೀಟರ್ ದಪ್ಪದ್ದು ಚದರ ಮೀಟರಿಗೆ ಹತ್ತು ಕೆಜಿಯ ಹತ್ತಿರ ತೂಗುತ್ತದೆ, ನಮ್ಮ ಅಳತೆಗೆ ಮೂವತ್ತು ಕೆಜಿ ದಾಟುತ್ತದೆ. ಅದನ್ನು ಹೊತ್ತು ದಾದರ್ ಸ್ಟೇಷನ್ನಿನ ಮೆಟ್ಟಿಲು ಹತ್ತುವವರು ಡ್ರಮ್ಮು ಬಿಟ್ಟು ಕುಸ್ತಿಗೆ ಸೇರಬಹುದು. ಹೊಸದಾಗಿದ್ದಾಗ ವಾಸನೆಯೂ ಇರುತ್ತದೆ. ಒಂದೇ ಕಡೆ ಖಾಯಂ ಇಡುವವರಿಗೆ ಸರಿ.

ಇನ್ನು ಮದುವೆ ಮಂಟಪಗಳಲ್ಲಿ ಹಾಸುವ ಕೆಂಪು, ಹಸಿರು ತೆಳು ಕಾರ್ಪೆಟ್ಟು. ನೇಯ್ದದ್ದಲ್ಲ, ಎಳೆಗಳನ್ನು ಸೂಜಿಯಿಂದ ಒತ್ತಿ ಹಾಳೆಯಂತೆ ಮಾಡಿದ್ದು. ಅಡಿ ಲೆಕ್ಕದಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ, ಕತ್ತರಿಸಿದರೆ ನೂಲು ಬಿಚ್ಚಿಕೊಳ್ಳುವುದಿಲ್ಲ. ತೆಳ್ಳಗಿರುವುದರಿಂದ ಮೊನೆ ತೂರಿಹೋಗಿ ನೆಲ ಮುಟ್ಟುತ್ತದೆ ಎಂಬುದೊಂದೇ ಊನ. ಎರಡು ಪದರ ಮಾಡಿ ಹೊಲಿಸಿದರೆ, ಅಥವಾ ಬೇಸ್ ಡ್ರಮ್ಮು ಕೂರುವಲ್ಲಿ ಮಾತ್ರ ಹಳೆಯ ಟಯರ್ ಟ್ಯೂಬಿನ ತೇಪೆಯೊಂದನ್ನು ಅಡಿಗೆ ಹಾಕಿಸಿದರೆ, ಬಡವರ ಡ್ರಮ್ ಹಾಸು ತಯಾರು. ನಾನು ನೋಡಿದ ಹೆಚ್ಚಿನ ಆರ್ಕೆಸ್ಟ್ರಾಗಳಲ್ಲಿ ಇದೇ ಇರುತ್ತದೆ, ನಡೆಯುತ್ತಲೂ ಇರುತ್ತದೆ.

ಕೈಯಲ್ಲಿ ಸ್ವಲ್ಪ ಹೆಚ್ಚು ದುಡ್ಡಿದ್ದರೆ ನನ್ನ ಮತ ಬೇರೆ. ಗಿಡ್ಡ ರೋಮದ, ಒತ್ತಾದ, ಅಡಿಗೆ ರಬ್ಬರ್ ಅಂಟಿಸಿದ ಕಾರ್ಪೆಟ್ಟು ತೆಗೆದುಕೊಳ್ಳಿ. ಉದ್ದ ರೋಮದ ಮೆತ್ತೆಮೆತ್ತೆ ಕಾರ್ಪೆಟ್ಟಿನ ಅಂದಕ್ಕೆ ಮರುಳಾಗಬೇಡಿ, ಅದರಲ್ಲಿ ಸ್ಟ್ಯಾಂಡುಗಳು ತೂರಾಡುತ್ತವೆ. ಮೇಲ್ಮೈಯಲ್ಲಿ ಕುಣಿಕೆ ಕುಣಿಕೆಯಾಗಿ ನೂಲಿದ್ದರೆ ಮೊನೆ ಸಿಕ್ಕಿಕೊಂಡು ಎಳೆ ಹೊರಬರುತ್ತದೆ, ರೋಮ ಕತ್ತರಿಸಿದ್ದೇ ಒಳ್ಳೆಯದು. ಅಂಗಡಿಯವರನ್ನು ಕೇಳಿ ಟೈಲ್ಸ್ ನೆಲದ ಮೇಲೆ ಹಾಸಿಸಿ, ಚಪ್ಪಲಿ ಕಾಲಿನಿಂದ ಓರೆಯಾಗಿ ಜೋರಾಗಿ ತಳ್ಳಿ ನೋಡಿ. ಸಂಕೋಚ ಪಡಬೇಡಿ, ಮಡಕೆ ಕೊಳ್ಳುವಾಗ ತಟ್ಟಿ ನೋಡುವುದಿಲ್ಲವೇ? ಹಾಸು ಜರುಗಿದರೆ ಬಿಟ್ಟುಬಿಡಿ. ಆಮೇಲೆ ಒಂದು ಮೂಲೆಯನ್ನು ಮಡಚಿ ನೋಡಿ. ಅಡಿಯ ರಬ್ಬರಿನಲ್ಲಿ ಬಿರುಕು ಕಂಡರೆ, ಪುಡಿ ಉದುರಿದರೆ, ಅದು ಗೋದಾಮಿನಲ್ಲಿ ಮುದಿಯಾದ ಸರಕು.

ಮನೆಯ ನೆಲ ಟೈಲ್ಸ್ ಅಲ್ಲದೆ ವಿನೈಲ್ ಆಗಿದ್ದರೆ ಒಂದು ಎಚ್ಚರ. ರಬ್ಬರು ತಿಂಗಳುಗಟ್ಟಲೆ ಒಂದೇ ಕಡೆ ಒತ್ತಿಕೊಂಡಿದ್ದರೆ ವಿನೈಲಿನ ಮೇಲೆ ಹಳದಿ ಕಲೆ ಕೂರುತ್ತದೆ, ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಅಂಥ ಮನೆಯಲ್ಲಿ ಬಾರಿಸಿದ ಮೇಲೆ ಹಾಸನ್ನು ಸುತ್ತಿಡುವುದೇ ಕ್ಷೇಮ. ಬಾಡಿಗೆಯವರು ಇದನ್ನು ಮರೆಯಬಾರದು.

ಇಷ್ಟೆಲ್ಲ ಆದ ಮೇಲೂ ಬಲವಾಗಿ ಬಾರಿಸುವವರ ಡ್ರಮ್ಮು ಒಂದಿಷ್ಟು ಜರುಗೀತು. ಬೇಸ್ ಡ್ರಮ್ಮಿನ ಮುಂದೆ ಹಾಸಿಗೆ ಅಡ್ಡಲಾಗಿ ಒಂದು ಮರದ ಪಟ್ಟಿಯನ್ನು ಅಡಿಯಿಂದ ಮೊಳೆ ಹೊಡೆಸಿ ಕೂರಿಸಿದರೆ ಮುಗಿಯಿತು. ಮೊಳೆಯ ತಲೆ ಹೊರಗೆ ಉಬ್ಬಿರಬಾರದು, ಇಲ್ಲವಾದರೆ ಮತ್ತೆ ಟೈಲ್ಸಿಗೇ ಕೇಡು. ಪೆಡಲಿನ ತಳಕ್ಕೆ, ಶಾಲಾ ಚೀಲಗಳಲ್ಲಿರುತ್ತದಲ್ಲ, ಆ ವೆಲ್ಕ್ರೋ ಪಟ್ಟಿಯ ಒರಟು ಭಾಗ ಅಂಟಿಸಿದರೆ ಅದು ಕಾರ್ಪೆಟ್ಟನ್ನು ಕಚ್ಚಿಕೊಳ್ಳುತ್ತದೆ.

ಸಂಘದ ವೇದಿಕೆಗೆ ಹೋಗುವವರಿಗೆ ಹಾಸಿನಿಂದ ಇನ್ನೊಂದು ಉಪಕಾರವಿದೆ. ನನ್ನಂಥ ನಿರೂಪಕರಿಗೂ ಅದು ದೊಡ್ಡ ಉಪಕಾರ. ಮನೆಯಲ್ಲಿ ಸೆಟ್ಟು ಸರಿಯಾಗಿ ಕೂತ ದಿನ ಪ್ರತಿ ಕಾಲಿನ ಜಾಗಕ್ಕೆ ಬಣ್ಣದ ಬಟ್ಟೆ ಟೇಪಿನಿಂದ ಗುರುತು ಹಾಕಿಬಿಡಿ. ಹೈ-ಹ್ಯಾಟಿಗೆ ಕೆಂಪು, ಸ್ನೇರಿಗೆ ಹಳದಿ, ಸ್ಟೂಲಿಗೆ ಬಿಳಿ, ಹೀಗೆ. ರಂಗೋಲಿಗೆ ಚುಕ್ಕಿ ಇಟ್ಟ ಹಾಗೆ. ವೇದಿಕೆಯ ಮೇಲೆ ಹಾಸು ಬಿಚ್ಚಿದರೆ ಸಾಕು, ಯಾರು ಬೇಕಾದರೂ ಚುಕ್ಕಿ ನೋಡಿ ಜೋಡಿಸಬಹುದು. ಅರ್ಧ ಗಂಟೆಯ ಕೆಲಸ ಹತ್ತು ನಿಮಿಷಕ್ಕೆ ಇಳಿಯುತ್ತದೆ. ಆ ಇಪ್ಪತ್ತು ನಿಮಿಷವನ್ನು ಹಾಸ್ಯ ಚಟಾಕಿಗಳಿಂದ ತುಂಬುವ ಕಷ್ಟ ನನಗೆ ಗೊತ್ತು, ಕೇಳುವ ಕಷ್ಟ ನಿಮಗೆ ಗೊತ್ತು.

ಕೊನೆಗೆ ಎಲ್ಲರೂ ಕೇಳುವ ಪ್ರಶ್ನೆ: ಹಾಸು ಹಾಕಿದರೆ ಕೆಳಮನೆಯವರ ಜಗಳ ನಿಲ್ಲುತ್ತದೆಯೇ? ಇಲ್ಲ. ಇಲ್ಲಿ ಅಂಗಡಿಯವರ ಮಾತಿಗೆ ಬೀಳಬೇಡಿ. ಸದ್ದು ಎರಡು ದಾರಿಯಲ್ಲಿ ಹೋಗುತ್ತದೆ. ಒಂದು ಗಾಳಿಯಲ್ಲಿ, ಕಿಟಕಿ ಬಾಗಿಲಿನಿಂದ. ಇನ್ನೊಂದು ನೆಲ ಗೋಡೆಗಳೇ ಅದುರುತ್ತಾ. ಕಾರ್ಪೆಟ್ಟು ಕೋಣೆಯೊಳಗಿನ ಕಣಕಣ ಪ್ರತಿಧ್ವನಿಯನ್ನು ಸ್ವಲ್ಪ ಮೆತ್ತಗೆ ಮಾಡುತ್ತದೆ, ಬಾರಿಸುವವನ ಕಿವಿಗೆ ಹಿತ. ಗುದ್ದಿನ ಸದ್ದನ್ನು ಅದು ತಡೆಯಲಾರದು. ನಿಜವಾದ ಸೆಟ್ಟಿನ ಹತ್ತಿರ ಸದ್ದು 100 ಡೆಸಿಬೆಲ್ ದಾಟುವುದು ಸಾಮಾನ್ಯ. ನಮ್ಮ ದೇಶದ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶಕ್ಕಿರುವ ಮಿತಿ ಹಗಲು 55, ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ 45. ಎಲ್ಲಿಯ 100, ಎಲ್ಲಿಯ 55!

ಎಲೆಕ್ಟ್ರಾನಿಕ್ ಡ್ರಮ್ಮಾದರೆ ಹೆಡ್‌ಫೋನಿನಿಂದ ಗಾಳಿಯ ದಾರಿ ಮುಚ್ಚುತ್ತದೆ, ಪೆಡಲಿನ ಕುಟ್ಟುವಿಕೆ ಮಾತ್ರ ನೆಲದಲ್ಲಿ ಇಳಿಯುತ್ತದೆ. ಅದಕ್ಕೆ ಒಂದು ಮನೆಮದ್ದು ಬಹಳ ಕಡೆ ನಡೆಯುತ್ತಿದೆ. ಎರಡು ದಪ್ಪ ಪ್ಲೈವುಡ್ ಹಲಗೆ, ನಡುವೆ ಗೇಣು ಗೇಣಿಗೆ ಹಳೆಯ ಟೆನಿಸ್ ಚೆಂಡುಗಳು. ಚೆಂಡು ಉರುಳದಂತೆ ಹಲಗೆಯಲ್ಲಿ ಗುಂಡಗೆ ತೂತು ಕೊರೆಸಿರಬೇಕು, ಹಲಗೆ ಹಲಗೆ ಒಂದಕ್ಕೊಂದು ತಾಗಬಾರದು. ಅದರ ಮೇಲೆ ಹಾಸು, ಹಾಸಿನ ಮೇಲೆ ಡ್ರಮ್ಮು. ಗುದ್ದನ್ನು ಚೆಂಡುಗಳು ನುಂಗುತ್ತವೆ. ಹೊತ್ತೊಯ್ಯುವ ಸಾಮಾನಲ್ಲ ಇದು, ಮನೆಯಲ್ಲೇ ಇರತಕ್ಕದ್ದು. ನಿಜವಾದ ಸೆಟ್ಟಿಗೆ ಮಾತ್ರ ಮದ್ದು ಒಂದೇ: ಕೆಳಮನೆಗೆ ಹೋಗಿ, ನಿಮಗೆ ಯಾವ ಹೊತ್ತು ಅಡ್ಡಿಯಿಲ್ಲ ಎಂದು ಕೇಳುವುದು. ಹೋಗುವಾಗ ಕೈಯಲ್ಲಿ ಏನಾದರೂ ತಿಂಡಿ ಇದ್ದರೆ ಒಳ್ಳೆಯದು.

ಹಾಸನ್ನು ಇಟ್ಟುಕೊಳ್ಳುವ ಬಗೆ ಸರಳ. ರಬ್ಬರ್ ಅಡಿಯದ್ದನ್ನು ಮಡಚಬೇಡಿ, ಸುರುಳಿ ಸುತ್ತಿ ಎರಡು ಕಡೆ ಪಟ್ಟಿ ಕಟ್ಟಿ. ಮಡಚಿದ ಗೆರೆಯಲ್ಲೇ ರಬ್ಬರು ಸೀಳುತ್ತದೆ, ಎದ್ದು ನಿಂತ ಮಡಿಕೆಗೆ ಯಾರಾದರೂ ಎಡವುತ್ತಾರೆ. ಮಳೆಯಲ್ಲಿ ನೆನೆದು ಬಂದರೆ ರಾತ್ರಿಯೇ ಬಿಚ್ಚಿ ಫ್ಯಾನಿನಡಿ ಹರಡಿ. ಬಿರುಬಿಸಿಲಿಗೆ ಬೇಡ, ರಬ್ಬರು ಒಣಗಿ ಪುಡಿಯಾಗುತ್ತದೆ.

ಈ ಬರಹ ಮುಗಿಸುವ ಹೊತ್ತಿಗೆ ಡೊಂಬಿವಲಿಯ ಅಮ್ಮನ ಫೋನು ಮತ್ತೆ ಬಂತು. ಹುಡುಗ ಯಾರನ್ನೋ ಕೇಳಿ ರಬ್ಬರ್ ಅಡಿಯ ಕಾರ್ಪೆಟ್ಟನ್ನೇ ತಂದನಂತೆ. ಸ್ಟೂಲೂ ಅದರ ಮೇಲೆಯೇ ಇದೆಯಂತೆ. ಕೆಳಮನೆಯವರು ಸಂಜೆ ಐದರಿಂದ ಆರಕ್ಕೆ ಒಪ್ಪಿದ್ದಾರಂತೆ. “ಡ್ರಮ್ಮು ಈಗ ಓಡಂಗಿಲ್ರೀ. ಹುಡುಗನ ಓಡ್ತಾನ, ಪ್ರೋಗ್ರಾಮು ಪ್ರೋಗ್ರಾಮು ಅಂತ” ಎಂದು ನಕ್ಕರು. ಗೀರು ಬಿದ್ದ ಎರಡು ಟೈಲ್ಸಿನ ವಿಷಯ ಮಾತ್ರ ಮನೆ ಮಾಲೀಕರಿಗೆ ಇನ್ನೂ ಹೇಳಿಲ್ಲ. ಮನೆ ಬಿಡುವ ಮೊದಲು ತಾವೇ ಬದಲಾಯಿಸಿ ಕೊಡುವ ಯೋಚನೆಯಿದೆ, ಅದೇ ಬಣ್ಣದ್ದು ಎಲ್ಲಿ ಸಿಗುತ್ತದೋ ಹುಡುಕುತ್ತಿದ್ದಾರೆ. ಆಮೇಲೆ ಒಂದು ಹಾಡನ್ನೂ ಕೇಳಿದರು. ಮುಂದಿನ ಭಾನುವಾರ ಹಾಕುತ್ತೇನೆ.